ಹಲ್ಲಕ್ಕನ ಯುದ್ಧನೌಕೆ

ನಮ್ಮ ಅತ್ತಿಗೆಯನ್ನು ಕಂಡವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ. "ನಿಮಗ್ಯಾಕ್ರೀ ಈ ಯುದ್ಧದ ಹಡಗಿನ ಹುಚ್ಚು?" ಕೇಳುವಾಗಲೇ ಅವರ ಮುಖ ಮರುಕಕ್ಕೆ ತಯಾರಾಗಿರುತ್ತಿತ್ತು. ಅಪ್ಪ ನೌಕಾಪಡೆಯಲ್ಲಿದ್ದರೇನೋ, ಅಣ್ಣ ಮುಳುಗಿ ಹೋದನೇನೋ, ಮದುವೆಯಾಗಬೇಕಿದ್ದವನು ಸಮುದ್ರದ ಪಾಲಾದನೇನೋ. ಹೆಂಗಸೊಬ್ಬಳು ತೋಪು, ಸಬ್‌ಮರೀನು, ವಿಮಾನ ಅಂತ ಕೂತಿದ್ದಾಳೆ ಅಂದರೆ ಹಿಂದೆ ಎಲ್ಲೋ ಒಂದು ಸಾವು ಇರಲೇಬೇಕು ಅನ್ನುವುದು ಅವರ ನಂಬಿಕೆ. ಅತ್ತಿಗೆ ಆ ಮರುಕ ಪೂರ್ತಿ ಅರಳುವ ತನಕ ಸುಮ್ಮನಿದ್ದು ಆಮೇಲೆ ಹೇಳುತ್ತಿದ್ದರು, "ಯಾರೂ ಸತ್ತಿಲ್ಲ. ನನಗೆ ಇಷ್ಟ, ಅಷ್ಟೇ."

ಗಂಡಸರಿಗೆ ಈ ಪ್ರಶ್ನೆ ಬರುವುದಿಲ್ಲ, ಗಮನಿಸಿದ್ದೀರಾ? ಯಾವನೋ ಒಬ್ಬ ಇಡೀ ಭಾನುವಾರ ಕೂತು, ಯಾವ ಹಡಗಿನ ತೋಪು ಎಷ್ಟು ದೂರ ಹೊಡೆಯುತ್ತಿತ್ತು ಅಂತ ಗಂಟಲು ಹರಿದುಕೊಂಡರೆ ಅದು ಹವ್ಯಾಸ. ಅದನ್ನೇ ಅತ್ತಿಗೆ ಮಾಡಿದರೆ ಅದಕ್ಕೊಂದು ಕಣ್ಣೀರಿನ ಕಾರಣ ಬೇಕು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಜೀವಮಾನವೆಲ್ಲ ಕೂತು ಕಟ್ಟುಹಲ್ಲು ಮಾಡಿದವರು. ಬೀದಿಯವರ ಬಾಯಲ್ಲಿ ಹಲ್ಲಕ್ಕ. ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಪುಡಿ ಕಲಸಿ ಅಚ್ಚಿಗೆ ಹಾಕಿ, ಬೇಯಿಸಿ, ಉಜ್ಜಿ ಹೊಳಪು ಕೊಡುವ ಕೆಲಸ. ಈ ಊರಿನ ಮುದುಕರು ನಕ್ಕರೆ ಅರ್ಧ ನಗು ಅತ್ತಿಗೆಯದು ಅಂತ ನಾನು ಛೇಡಿಸುತ್ತಿದ್ದೆ. "ಅವರು ಬೈದರೆ ಅರ್ಧ ಬೈಗುಳಾನೂ ನಂದೇ" ಅನ್ನುತ್ತಿದ್ದರು.

ಹುಚ್ಚು ಹತ್ತಿದ್ದೂ ಅದೇ ಆಸ್ಪತ್ರೆಯಲ್ಲಿ. ಇನ್ನೂ ಹುಡುಗಿ, ದವಡೆ ಊದಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಬಿದ್ದಿದ್ದ ಹಳೇ ಪತ್ರಿಕೆಯಲ್ಲಿ ಒಂದು ಚಿತ್ರ. ಸಮುದ್ರದ ಮಧ್ಯೆ ಓಡುವ ಹಡಗಿನ ಬೆನ್ನಿನ ಮೇಲೆ ವಿಮಾನ ಇಳಿಯುತ್ತಿದೆ. ವಿಮಾನದ ಬಾಲದ ಕೆಳಗೆ ಒಂದು ಕೊಕ್ಕೆ, ಹಡಗಿನ ಮೇಲೆ ಅಡ್ಡಡ್ಡ ಬಿಗಿದ ಉಕ್ಕಿನ ಹಗ್ಗ. ಕೊಕ್ಕೆ ಹಗ್ಗಕ್ಕೆ ಸಿಕ್ಕಿತೋ ವಿಮಾನ ನಿಂತಿತು, ತಪ್ಪಿತೋ ಮತ್ತೆ ಆಕಾಶ, ಇಲ್ಲವೇ ನೀರು. ಇಷ್ಟು ದೊಡ್ಡ ಪ್ರಪಂಚದಲ್ಲಿ ಇಂಥ ಹುಚ್ಚು ಸಾಹಸವನ್ನು ಕಚೇರಿ ಕೆಲಸದ ಹಾಗೆ ದಿನಾ ಮಾಡುವವರಿದ್ದಾರಲ್ಲ ಅಂತ ಅವರಿಗೆ ಹಲ್ಲುನೋವೇ ಮರೆತು ಹೋಯಿತಂತೆ. ಡಾಕ್ಟರು ಒಳಗೆ ಕರೆದರೆ "ಇರಿ, ಇನ್ನೊಂದು ಪುಟ ಇದೆ" ಅಂದರಂತೆ. ಹಲ್ಲು ಕೀಳಿಸಿಕೊಂಡ ಮರುವಾರವೇ ಅಲ್ಲಿ ಕೆಲಸ ಕೇಳಲು ಹೋದರು. "ಆ ಪತ್ರಿಕೆಗಳ ಆಸೆಗೇ ಸೇರಿದ್ದು ಕಣೇ. ಹಲ್ಲು ಆಮೇಲೆ ಅಂಟಿಕೊಳ್ತು" ಅಂತ ನನಗೆ ಹೇಳಿದ್ದರು.

ನಮ್ಮ ಊರಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತರೆ ಸಮುದ್ರ ಸಿಗುತ್ತದೆ. ಅತ್ತಿಗೆ ಅಷ್ಟು ದೂರ ಹೋಗಿ ಸಮುದ್ರ ಕಂಡದ್ದು ಒಂದೇ ಸಲ. ದೋಣಿ ಹತ್ತಿದವರು ದಡ ಮರೆಯಾಗುವ ಮೊದಲೇ ಹೊಟ್ಟೆಯಲ್ಲಿದ್ದುದನ್ನೆಲ್ಲ ನೀರಿಗೆ ಒಪ್ಪಿಸಿದರು. ಅದನ್ನೂ ಮುಚ್ಚಿಡುತ್ತಿರಲಿಲ್ಲ. "ನೀರು ನಂಗೆ ಆಗಲ್ಲ. ನೀರಿನ ಮೇಲೆ ತೇಲೋ ಕಬ್ಬಿಣ ಆಗುತ್ತೆ."

ಮದುವೆಯ ಮಾತು ಆಡಲು ಬಂದವನೊಬ್ಬ ಕಪಾಟಿನಲ್ಲಿದ್ದ ಪುಟ್ಟ ಹಡಗು ನೋಡಿ, "ಆಟದ ಸಾಮಾನು ಚೆನ್ನಾಗಿದೆ, ಮುಂದೆ ಮಕ್ಕಳಿಗೆ ಆಗುತ್ತೆ" ಅಂದನಂತೆ. ಅತ್ತಿಗೆ ಅವನ ಕೈಯಿಂದ ಚಹಾದ ಲೋಟ ವಾಪಸು ತಗೊಂಡರು. ಚಹಾ ಅರ್ಧ ಉಳಿದಿತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ಮನೆಯವರು ಅಲ್ಲಿಗೆ ಕೈಬಿಟ್ಟರು.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಈ ಮನೆಯಲ್ಲಿ ನನಗೆ ಹೇಳಿಕೊಟ್ಟ ಮೊದಲ ಪಾಠ, ಊಟದ ಕೋಣೆಯ ಫ್ಯಾನು ಹಾಕಬಾರದು ಅಂತ. ಊಟದ ಮೇಜಿನ ಅರ್ಧ ಭಾಗ ನಮ್ಮದು, ಉಳಿದರ್ಧ ಅತ್ತಿಗೆಯ ಹಡಗಿನದು. ಗೋಂದು ಒಣಗದ ವಿಮಾನಗಳು ಗಾಳಿಗೆ ಹಾರಿ ಸಾರಿನ ಪಾತ್ರೆಗೆ ಇಳಿಯುತ್ತಿದ್ದವು. ಬೇಸಿಗೆಯಲ್ಲಿ ಬೆವರು ಒರೆಸಿಕೊಂಡು ಉಣ್ಣುತ್ತ ನಾನು ಗಂಡನ ಕಾಲನ್ನು ಮೇಜಿನ ಕೆಳಗೆ ತುಳಿಯುತ್ತಿದ್ದೆ, ಅವನು ಕರೆಂಟ್ ಮೀಟರು ಓದುವವನು, ಮನೆಯ ಫ್ಯಾನಿನ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆದರೆ ಒಂದು ದಿನ ಅತ್ತಿಗೆ ನನ್ನ ಅಂಗೈ ಮೇಲೆ ಒಂದು ವಿಮಾನ ಇಟ್ಟರು. ನನ್ನ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ರೆಕ್ಕೆ ಮಡಚಿತ್ತು. "ಹಡಗಲ್ಲಿ ಜಾಗ ಸಾಲದು, ಅದಕ್ಕೆ ರೆಕ್ಕೆ ಮಡಚಿ ನಿಲ್ಲಿಸ್ತಾರೆ. ಗುಬ್ಬಿ ಥರ" ಅಂದರು. ಅವತ್ತಿನಿಂದ ನಾನು ಫ್ಯಾನಿನ ಆಸೆ ಬಿಟ್ಟೆ. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಅನ್ನುವವರು ನಮ್ಮ ಮನೆಗೆ ಬಂದು ನೋಡಬೇಕಿತ್ತು.

ಊರಿನಲ್ಲಿ ಇಂಥದೇ ಹುಚ್ಚಿನ ಇನ್ನಷ್ಟು ಜನ ಇದ್ದರು. ಗಡಿಯಾರ ರಿಪೇರಿ ಅಂಗಡಿಯ ಮಹಡಿಯ ಮೇಲೆ ಪ್ರತಿ ಭಾನುವಾರ ಅವರ ಕೂಟ. ನಡೆಸುತ್ತಿದ್ದವರು ಕ್ಯಾಪ್ಟನ್. ಹೆಸರು ಕೇಳಿ ಮೋಸ ಹೋಗಬೇಡಿ, ಅವರು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿದವರು, ಈಜಲೂ ಬಾರದು. ತಡವಾಗಿ ಬಂದವರಿಗೆ ಅಲ್ಲಿ ಒಂದು ಶಿಕ್ಷೆ ಇತ್ತು. ಕಪ್ಪು ರಟ್ಟಿನಲ್ಲಿ ಹಡಗಿನ ಆಕಾರ ಕತ್ತರಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು, ನೆರಳು ನೋಡಿ ಯಾವ ಹಡಗು ಅಂತ ಹೇಳಿದರೆ ಮಾತ್ರ ಚಹಾ. ಕೆಲವರು ಬೇಕಂತಲೇ ತಡವಾಗಿ ಬರುತ್ತಿದ್ದರು.

ಹಡಗು ಕಟ್ಟುವುದಕ್ಕೆ ಅವರಲ್ಲಿ ಕಟ್ಟುನಿಟ್ಟು ಇತ್ತು. ನೀರಿಗಿಳಿದ ದಿನ ಹೇಗಿತ್ತೋ ಹಾಗೇ ಇರಬೇಕು. ತುಕ್ಕು ಬೇಡ, ಮಸಿ ಬೇಡ, ಮನುಷ್ಯರಂತೂ ಬೇಡವೇ ಬೇಡ. "ಜನ ನಿಲ್ಲಿಸಿದರೆ ಬೊಂಬೆ ಅಂಗಡಿ ಆಗುತ್ತೆ" ಅನ್ನುತ್ತಿದ್ದರು ಕ್ಯಾಪ್ಟನ್. ಕೊನೆಯ ವಾರ್ನಿಷ್ ಬಿದ್ದ ಮೇಲೆ ಆ ಹಡಗನ್ನು ಮತ್ತೆ ಬಿಚ್ಚುವುದು, ಕೊರೆಯುವುದು ಮಹಾಪಾಪ. ಈ ಶಾಸ್ತ್ರವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವರು ನಮ್ಮ ಅತ್ತಿಗೆಯೇ. ಯಾರದೋ ಹಡಗಿನಲ್ಲಿ ಒಂದು ಕಿಟಕಿ ಹೆಚ್ಚಾಗಿದ್ದಕ್ಕೆ ಅವನ ಜೊತೆ ಒಂದಿಡೀ ಮಳೆಗಾಲ ಮಾತು ಬಿಟ್ಟಿದ್ದರು.

ಕೊಲ್ಲುವ ಯಂತ್ರದ ಮೇಲೆ ಪ್ರೀತಿ ಯಾಕೆ ಅಂತಲೂ ಕೇಳುವವರಿದ್ದರು. ನಾನೇ ಕೇಳಿದ್ದೆ. ಅತ್ತಿಗೆ ಸಿಟ್ಟಾಗಲಿಲ್ಲ. "ಕೊಲ್ಲೋದಕ್ಕೇ ಮಾಡಿದ್ದು. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಹುಲಿ ಚೆನ್ನಾಗಿದೆ ಅಂದ್ರೆ ಅದು ಹುಲ್ಲು ತಿನ್ನುತ್ತೆ ಅಂತ ಅಲ್ಲ. ಅದು ಏನು ಮಾಡುತ್ತೆ ಅಂತ ಗೊತ್ತಿದ್ದೂ ಕಣ್ಣು ಕೀಳೋಕಾಗಲ್ಲ ನಂಗೆ. ಏನು ಮಾಡ್ಲಿ, ಸುಳ್ಳು ಹೇಳ್ಲಾ?"

ಕೊನೆಗೆ ಅವರು ಕೈ ಹಾಕಿದ್ದು ಆ ಪತ್ರಿಕೆಯಲ್ಲಿದ್ದಂಥ ದೊಡ್ಡ ಹಡಗಿಗೆ, ವಿಮಾನಗಳನ್ನು ಹೊತ್ತು ತಿರುಗುವಂಥದ್ದು. ಅದಕ್ಕೆ ನಾವು ಇಟ್ಟ ಹೆಸರು ದೊಡ್ಡಕ್ಕ. ತಲೆಯಿಂದ ಬಾಲಕ್ಕೆ ಆಳುದ್ದ. ಎರಡು ಕಡೆ ಇಬ್ಬರು ಹಿಡಿಯದೆ ಎತ್ತಲಾಗದು. ತೆಳು ಹಲಗೆಯ ಮೈ, ಹಲ್ಲು ಕೊರೆಯುವ ಮುಳ್ಳಿನಿಂದ ಕೊರೆದ ಕಿಟಕಿಗಳು, ಹಲ್ಲಿನ ಸಂದಿಗೆ ಹಾಕುವ ದಾರದ ಹಗ್ಗಗಳು. ವಿಮಾನ ಹೊಡೆಯುವ ಸಣ್ಣ ತೋಪುಗಳೆಲ್ಲ ಡಾಕ್ಟರು ಬಳಸಿ ಬಿಟ್ಟ ಇಂಜೆಕ್ಷನ್ ಸೂಜಿಗಳು, ಕುದಿಸಿ, ತುದಿ ಕತ್ತರಿಸಿದ್ದು. ಊರಿನವರ ವಸಡಿಗೆ ಚುಚ್ಚಿದ ಸೂಜಿಗಳು ನಮ್ಮ ಊಟದ ಕೋಣೆಯಲ್ಲಿ ಸಾಲಾಗಿ ಚಾವಣಿಗೆ ಗುರಿಯಿಟ್ಟು ಕೂತಿದ್ದವು. ಆ ಹಡಗು ಮುಗಿಯುವಷ್ಟರಲ್ಲಿ ನನ್ನ ಮಗಳು ಶಾಲೆ ಸೇರಿ, ಶಾಲೆ ಮುಗಿಸಿ, ಬೇರೆ ಊರಿನಲ್ಲಿ ಕೆಲಸಕ್ಕೂ ಸೇರಿದ್ದಳು.

ಅಷ್ಟರಲ್ಲಿ ಅತ್ತಿಗೆಯ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಹಲ್ಲಿನ ಕೆಲಸ ಬಿಟ್ಟರು. ಬಿಡುವಾಗ ಡಾಕ್ಟರು ಹಳೆಯ ಕೈಮೋಟಾರನ್ನು ಅವರಿಗೇ ಕೊಟ್ಟರು. ದೊಡ್ಡಕ್ಕನ ಕೊನೆಯ ವಿಮಾನಗಳಿಗೆ ಬಣ್ಣ ಹಾಕುವಾಗ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಹಾಕಿದರು. "ಇದೇ ಕೊನೇದು. ಇನ್ನೊಂದು ಕಟ್ಟೋಕೆ ಈ ಕೈ ಬಿಡಲ್ಲ" ಅಂದರು. ನಾನು ಏನೋ ಸಮಾಧಾನ ಹೇಳಲು ಹೋದೆ. "ಸುಮ್ನಿರು" ಅಂದರು. ತಾವು ಹೋದ ಮೇಲೆ ಈ ಹಡಗು ಅಟ್ಟ ಸೇರಿ ಇಲಿಗಳ ಪಾಲಾಗುತ್ತದೆ ಅನ್ನುವ ಭಯ ಅವರಿಗಿತ್ತು, ಅದನ್ನು ಬಾಯಿಬಿಟ್ಟೇ ಹೇಳಿದ್ದರು. ನಾಲ್ಕು ಜನ ನೋಡುವ ಕಡೆ ಅದು ಉಳಿಯಬೇಕು, ಅಷ್ಟೇ ಅವರ ಆಸೆ. ಜೀವಮಾನದಲ್ಲಿ ಅವರು ಇನ್ನೊಬ್ಬರ ಹತ್ತಿರ ಏನನ್ನಾದರೂ ಬಯಸಿದ್ದು ನಾನು ಕಂಡಿದ್ದು ಅದೊಂದೇ ಸಲ.

ಹಾಗಾಗಿ ಊರಿನ ಲೈಬ್ರರಿಯಲ್ಲಿ ದೊಡ್ಡ ಗಾಜಿನ ಪೆಟ್ಟಿಗೆಯೊಂದು ಖಾಲಿ ಇದೆ, ದೊಡ್ಡಕ್ಕನನ್ನು ಶಾಶ್ವತವಾಗಿ ಅಲ್ಲಿ ಇಡಿಸುತ್ತೇನೆ ಅಂತ ಕ್ಯಾಪ್ಟನ್ ಓಡಿ ಬಂದಾಗ ಅತ್ತಿಗೆ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಲೈಬ್ರರಿಯ ಅಧ್ಯಕ್ಷರು ಒಪ್ಪಿದ್ದಾರಂತೆ. ಮೊದಲು "ಮಕ್ಕಳು ಬರೋ ಜಾಗದಲ್ಲಿ ಯುದ್ಧದ ಸಾಮಾನು ಯಾಕೆ" ಅಂದರಂತೆ, ಆಮೇಲೆ ಕ್ಯಾಪ್ಟನ್ ಹೇಗೋ ಒಪ್ಪಿಸಿದರಂತೆ. ಹೇಗೆ ಅಂತ ನಾವು ಯಾರೂ ಕೇಳಲಿಲ್ಲ. ನನ್ನ ಗಂಡ ಕೇಳಬೇಕಾಗಿಯೇ ಇರಲಿಲ್ಲ, ಅವನಿಗೆ ಗೊತ್ತಿತ್ತು.

ಅನಾವರಣ ಒಂದು ಭಾನುವಾರ ಬೆಳಿಗ್ಗೆ. ಲೈಬ್ರರಿಯ ಮುಂದಿನ ಕೋಣೆ ತುಂಬಿತ್ತು. ಕೂಟದವರೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಬಂದಿದ್ದರು, ಗಡಿಯಾರದವರು ಅಂಗಡಿಯ ಮೂರು ಗಡಿಯಾರ ನೋಡಿಕೊಂಡು ಬಂದರೂ ತಡವಾಗಿ ಬಂದಿದ್ದರು. ಅತ್ತಿಗೆ ಮುಂದಿನ ಸಾಲಿನಲ್ಲಿ, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು. ಅಧ್ಯಕ್ಷರು ಪರದೆ ಎಳೆದರು. ಬೆಳಕು ಬಿದ್ದ ದೊಡ್ಡಕ್ಕನನ್ನು ನೋಡಿ ಜನ ಉಸಿರೆಳೆದುಕೊಂಡ ಸದ್ದು ನನಗೆ ಕೇಳಿಸಿತು. ನನಗೇ ಹೆಮ್ಮೆಯಿಂದ ಕಣ್ಣು ತುಂಬಿತು. ಆಮೇಲೆ ಅಧ್ಯಕ್ಷರು ಪೆಟ್ಟಿಗೆಯ ಕೆಳಗಿನ ಹಿತ್ತಾಳೆ ಫಲಕವನ್ನು ಗಟ್ಟಿಯಾಗಿ ಓದಿದರು.

"ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಸಮುದ್ರದಲ್ಲಿ ಪ್ರಾಣತೆತ್ತ ತಂದೆಯ ನೆನಪಿಗೆ, ಮಗಳ ಕಾಣಿಕೆ."

ಚಪ್ಪಾಳೆ ಬಿತ್ತು. ನಾನು ಗಂಡನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ಅವನ ಅಪ್ಪ, ಅಂದರೆ ನನ್ನ ಮಾವ, ಈ ಊರಿನಲ್ಲಿ ದರ್ಜಿ. ಮನೆಯಲ್ಲೇ, ಹಾಸಿಗೆಯಲ್ಲೇ, ಹಣ್ಣುಹಣ್ಣು ಮುದುಕರಾಗಿ ಹೋದವರು. ನೀರು ಅಂತ ಅವರು ಕಂಡಿದ್ದು ಇಸ್ತ್ರಿಗೆ ಚಿಮುಕಿಸುವಷ್ಟೇ.

ಅತ್ತಿಗೆ ಎದ್ದರು. ಮುಖ ಕೆಂಪಾಗಿತ್ತು. ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದು ಅವರ ನಡುಗುವ ಕೈಯನ್ನೇ ಹಿಡಿದುಕೊಂಡರು. ಎಂಬತ್ತು ದಾಟಿದ ಜೀವ. ಲೈಬ್ರರಿಯಲ್ಲಿ ಹಡಗು ಇಡುತ್ತಾರೆ ಅನ್ನುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿಸಿಕೊಂಡು ಬಂದಿದ್ದರು.

"ನಿಮ್ಮಪ್ಪ ಯಾವ ಹಡಗಲ್ಲಿದ್ರಮ್ಮ?" ಅಂದರು ಅಜ್ಜಿ. "ನಮ್ಮೋರು ಇದೇ ಅಚ್ಚಿನ ಇನ್ನೊಂದು ಹಡಗಲ್ಲಿದ್ರು. ಹೋದೋರು ಬರ್ಲಿಲ್ಲ. ನಿಮ್ಮಮ್ಮ ಹೇಗೆ ತಡ್ಕೊಂಡ್ರು? ನನಗಂತೂ ಈ ಊರಲ್ಲಿ ಇದನ್ನ ಮಾತಾಡೋಕೆ ಒಬ್ರೂ ಸಿಗ್ಲಿಲ್ಲ, ಇಷ್ಟು ವರ್ಷ."

ಅಜ್ಜಿಯ ಹಿಂದೆ ನಿಂತ ಕ್ಯಾಪ್ಟನ್ ಅತ್ತಿಗೆಯನ್ನು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು, ತುಟಿಯ ಮೇಲೆ ಬೆರಳು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಹಡಗು ಗಾಜಿನೊಳಗೆ ಉಳಿಯುತ್ತಿತ್ತು, ಅಜ್ಜಿ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಅತ್ತಿಗೆ ಒಂದು ಸಲ ದೊಡ್ಡಕ್ಕನ ಕಡೆ ನೋಡಿದರು.

"ಅಜ್ಜಿ, ಅಲ್ಲಿ ಬರೆದಿರೋದು ಸುಳ್ಳು" ಅಂದರು, ಕೋಣೆಗೆಲ್ಲ ಕೇಳುವ ಹಾಗೆ. "ನಮ್ಮಪ್ಪ ದರ್ಜಿ. ಸಮುದ್ರ ನೋಡಿದೋರೇ ಅಲ್ಲ. ನನ್ನ ಮನೇಲಿ ಯಾರೂ ಯುದ್ಧಕ್ಕೆ ಹೋಗಿಲ್ಲ, ಯಾರೂ ಸತ್ತಿಲ್ಲ. ನಿಮ್ಮ ದುಃಖ ನಂದಲ್ಲ. ಅದನ್ನ ನನ್ನ ಹಡಗಿನ ಕೆಳಗೆ ಬರ್ಕೊಳ್ಳೋಕೆ ನಂಗೆ ಹಕ್ಕಿಲ್ಲ."

ಅಜ್ಜಿ ಕೈ ಬಿಡಲಿಲ್ಲ. "ಮತ್ತೆ ಯಾಕಮ್ಮ ಮಾಡ್ದೆ ಇದನ್ನ?"

ಜೀವಮಾನವಿಡೀ ಅತ್ತಿಗೆ ತಲೆಯೆತ್ತಿ ಕೊಟ್ಟ ಉತ್ತರ ಒಂದೇ. ಗಂಡನನ್ನು ಕಳೆದುಕೊಂಡವಳ ಎದುರು ಅದನ್ನು ಹೇಗೆ ಹೇಳುವುದು? ಆದರೂ ಹೇಳಿದರು. "ಇಷ್ಟ ಅಜ್ಜಿ. ಚೆನ್ನಾಗಿದೆ ಅಂತ."

ಈಗ ಅಜ್ಜಿ ಬೈಯುತ್ತಾರೆ ಅಂದುಕೊಂಡೆ. ಅಜ್ಜಿ ನಕ್ಕರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

"ನಮ್ಮೋರಿಗೂ ಇಷ್ಟಾನೇ!" ಅಂದರು. "ರಜೆಗೆ ಬಂದ್ರೆ ಊಟಕ್ಕೆ ಕೂತೂ ಅದರದ್ದೇ ಮಾತು. ಬಾಯ್ಲರ್ ಹೀಗೆ, ಸ್ಟೀಮ್ ಏರಿದಾಗ ಕಾಲ ಕೆಳಗೆ ಹಡಗು ನಡುಗೋದು ಹೀಗೆ. ಸವತಿ ಕಣಮ್ಮ ನಂಗೆ ಅದು. ಹೋದ್ಮೇಲೆ ಬಂದೋರೆಲ್ಲ ತ್ಯಾಗ ಅಂದ್ರು, ಬಲಿದಾನ ಅಂದ್ರು. ಆ ಮನುಷ್ಯ ಇಷ್ಟಪಟ್ಟು ಹೋಗಿದ್ದು ಅಂತ ಒಬ್ರೂ ಹೇಳ್ಲಿಲ್ಲ. ನಾನು ಹೇಳಿದ್ರೆ ಮುಖ ತಿರುಗಿಸ್ತಿದ್ರು. ಸವತಿ ಮುಖ ಒಂದ್ಸಲ ನೋಡೋಣ ಅಂತ ಬಂದೆ." ಕೋಲಿನಿಂದ ಗಾಜು ತಟ್ಟಿದರು. "ಅವರು ಎಲ್ಲಿ ನಿಂತಿರ್ತಿದ್ರು, ತೋರ್ಸು."

ಅತ್ತಿಗೆ ಬಾಗಿ, ಹಡಗಿನ ಹೊಟ್ಟೆಯ ಕಡೆ, ನೀರಿನ ಗೆರೆಗಿಂತ ಕೆಳಗೆ, ಗಾಜಿನ ಮೇಲೆ ಬೆರಳು ಇಟ್ಟರು. "ಬಾಯ್ಲರ್ ಕೋಣೆ ಇಲ್ಲಿ ಬರುತ್ತೆ."

"ತೆಗಿ, ನೋಡ್ತೀನಿ."

"ತೆಗೆಯೋಕಾಗಲ್ಲ. ಒಳಗೆ ಏನೂ ಮಾಡಿಲ್ಲ ಅಜ್ಜಿ. ಹೊರಗಿಂದು ಮಾತ್ರ."

"ಏನೂ ಇಲ್ವಾ?" ಅಜ್ಜಿಯ ನಗು ಇಳಿಯಿತು. ಬಾಗಿ ಈ ಕೊನೆಯಿಂದ ಆ ಕೊನೆಯ ತನಕ ಹಡಗನ್ನು ನೋಡಿದರು. "ಮೇಲೂ ಒಬ್ರೂ ಕಾಣಲ್ಲ. ಅಷ್ಟು ಜನ ಇದ್ರಲ್ಲಮ್ಮ ಅದರಲ್ಲಿ. ಎಲ್ಲ ಎಲ್ಲಿ ಹೋದ್ರು?"

ಅತ್ತಿಗೆ ಸೆರಗಿನಿಂದ ಗಾಜು ಒರೆಸಿ, ತಾವೇ ಕಟ್ಟಿದ ಹಡಗನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

ಅಷ್ಟರಲ್ಲಿ ಅಧ್ಯಕ್ಷರು ಹತ್ತಿರ ಬಂದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಗಿತ್ತು ಅವರಿಗೆ, ಪತ್ರಿಕೆಯವರು ಪೆನ್ನು ಹಿಡಿದು ನಿಂತಿದ್ದರು. ಮೆಲ್ಲಗೆ ಹೇಳಿದರು, "ನೋಡಿ, ಆಯುಧ ಇಡೋ ಜಾಗ ಅಲ್ಲ ಇದು. ಸ್ಮಾರಕ ಅಂತ ಹೇಳಿದ್ದಕ್ಕೆ ಕಮಿಟಿ ಒಪ್ಪಿದ್ದು. ಫಲಕ ಇರುತ್ತೆ ಅಂದ್ರೆ ಹಡಗು ಇರುತ್ತೆ."

"ಒಂದು ಸಾಲಿನ ವಿಷಯ" ಅಂದರು ಕ್ಯಾಪ್ಟನ್. "ಯಾರಿಗೆ ನಷ್ಟ ಹೇಳಿ? ನಿಮಗೋಸ್ಕರ ತಾನೇ ನಾನು ಹೇಳಿದ್ದು."

"ನನಗೋಸ್ಕರ ನನ್ನಪ್ಪನ್ನ ಮುಳುಗಿಸಿಬಿಟ್ರಾ?" ಅಂದರು ಅತ್ತಿಗೆ. "ಅರವತ್ತು ವರ್ಷ ಮಷಿನ್ ತುಳಿದು ನಮ್ಮನ್ನ ಸಾಕಿದ ಮನುಷ್ಯ. ದರ್ಜಿ ಮಗಳು ಹಡಗು ಕಟ್ಟಿದ್ಲು ಅಂತ ಬರೆದ್ರೆ ನಿಮ್ಮ ಹಿತ್ತಾಳೆ ಕಪ್ಪಾಗುತ್ತಾ? ಅಧ್ಯಕ್ಷರೇ, ಯುದ್ಧದ ಹಡಗು ಇಡಬಾರದು ಅಂತ ನೇರವಾಗಿ ಹೇಳಿ, ಜಗಳ ಆಡ್ತೀನಿ, ಒಪ್ಕೊಂಡ್ರೂ ಒಪ್ಕೋಬಹುದು. ಹೆಣ ಇದ್ರೆ ಮಾತ್ರ ಇಡ್ತೀನಿ ಅನ್ನೋದು ಯಾವ ನ್ಯಾಯ?" ಆಮೇಲೆ ಪೆಟ್ಟಿಗೆಯ ಗಾಜಿನ ಬಾಗಿಲು ಸರಿಸಿ ತಮ್ಮನನ್ನು ಕರೆದರು. "ಲೋ, ಆ ಕಡೆ ಹಿಡಿ."

ನನ್ನ ಗಂಡ ಕದಲಲಿಲ್ಲ. "ಅಕ್ಕ, ನಾನು..." ಅಂದ.

"ನಿನ್ನ ಹತ್ರ ಆಮೇಲೆ ಮಾತಾಡ್ತೀನಿ. ಮೊದಲು ಹಿಡಿ."

ಹಿಡಿದ. ಅತ್ತಿಗೆಯ ಕೈ ನಡುಗುತ್ತದಲ್ಲ, ಅವರ ಪಕ್ಕಕ್ಕೆ ನಾನೂ ಕೈ ಕೊಟ್ಟೆ. ಆಟೋದಲ್ಲಿ ಹಿಡಿಸುವ ವಸ್ತು ಅಲ್ಲ ಅದು. ನಡು ರಸ್ತೆಯಲ್ಲಿ, ಬಸ್ಸು ಲಾರಿಗಳ ಮಧ್ಯೆ, ರೆಕ್ಕೆ ಮಡಚಿದ ವಿಮಾನಗಳನ್ನೂ ಇಂಜೆಕ್ಷನ್ ತೋಪುಗಳನ್ನೂ ಹೊತ್ತ ಯುದ್ಧನೌಕೆ ನಮ್ಮ ಮೂವರ ಕೈಯಲ್ಲಿ ಹೊರಟಿತು. ಗಡಿಯಾರದವರು ಒಂದೇ ಓಟಕ್ಕೆ ಮುಂದೆ ಹೋಗಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು. ಜನ ಅಂಗಡಿಗಳಿಂದ ಇಳಿದು ಬಂದು ನೋಡಿದರು. "ಹಲ್ಲಕ್ಕ, ಯುದ್ಧಕ್ಕೆ ಹೊರಟ್ರಾ?" ಅಂತ ಯಾವನೋ ಕೂಗಿದ. "ಮುಗಿಸ್ಕೊಂಡು ಬರ್ತಿದೀನಿ" ಅಂದರು ಅತ್ತಿಗೆ, ಅವನ ಕಡೆ ತಿರುಗದೆ.

ಮನೆಗೆ ಬಂದೆವು. ದೊಡ್ಡಕ್ಕ ಮತ್ತೆ ಊಟದ ಮೇಜಿನ ಮೇಲೆ. ನನ್ನ ಗಂಡ ಅಕ್ಕನ ಎದುರು ಕೂತು ಅತ್ತ, ಕ್ಯಾಪ್ಟನ್ ಮೊದಲೇ ಹೇಳಿದ್ದರು, ಅಪ್ಪನ ಹೆಸರು ಒಂದು ಕಡೆ ಹಿತ್ತಾಳೆಯಲ್ಲಿ ಇರಲಿ ಅಂತ ಆಸೆಯಾಗಿ ಒಪ್ಪಿಕೊಂಡೆ ಅಂದ. ಅತ್ತಿಗೆ ಅವನ ತಲೆಗೊಂದು ಮೊಟಕಿದರು. "ಅಪ್ಪನ ಹೆಸರೇ ಇರಲಿಲ್ಲವಲ್ಲೋ ಅದರಲ್ಲಿ, ಪೆದ್ದ."

ಆ ಸಂಜೆಯೆಲ್ಲ ಅವರು ಸಿಟ್ಟಿನಲ್ಲಿದ್ದರು. ಗಾಜಿನ ಪೆಟ್ಟಿಗೆ ಕೈತಪ್ಪಿದ್ದಕ್ಕೆ ಅಂತ ನಾನು ತಿಳಿದಿದ್ದೆ. ಅದಕ್ಕಲ್ಲ. ಹಡಗಿನ ಸುತ್ತ ಸುತ್ತುತ್ತ, "ಬಾಯಿ ಬಿಟ್ಟು ಕೇಳಿದ್ರು ನೋಡು, ಎಲ್ಲ ಎಲ್ಲಿ ಹೋದ್ರು ಅಂತ. ನಾನು ಕಿಟಕಿ ಲೆಕ್ಕ ತಪ್ಪಿದ್ರೆ ಮಾತು ಬಿಡೋಳು, ಜನಾನೇ ಬಿಟ್ಟುಬಿಟ್ಟಿದ್ದೆ" ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಮರುದಿನ ಮಧ್ಯಾಹ್ನ ಕ್ಯಾಪ್ಟನ್ ಏದುಸಿರು ಬಿಡುತ್ತ ಬಂದರು. ಪತ್ರಿಕೆಯಲ್ಲಿ ನಿಜ ಸಂಗತಿಯೆಲ್ಲ ಅಚ್ಚಾಗಿತ್ತು, ಜನ ಲೈಬ್ರರಿಗೆ ಹೋಗಿ ಹಡಗು ಎಲ್ಲಿ ಅಂತ ಕೇಳುತ್ತಿದ್ದರಂತೆ. ಅಧ್ಯಕ್ಷರು ಹಟ ಬಿಟ್ಟಿದ್ದರು. "ಹಳೇ ಫಲಕ ಕಿತ್ತುಹಾಕಿದ್ದಾರೆ. ನಿಮ್ಮ ಹೆಸರು, ಇದು ಇಂಥ ಹಡಗಿನ ಮಾದರಿ ಅಂತ, ಅಷ್ಟೇ ಬರೀತಾರಂತೆ. ಒಂದಕ್ಷರ ಸುಳ್ಳಿಲ್ಲ. ಆದ್ರೆ ಇವತ್ತು ಸಂಜೆ ಒಳಗೆ ತಂದಿಡಬೇಕು, ಇಲ್ಲಾಂದ್ರೆ ಪೆಟ್ಟಿಗೆ ಬೇರೆಯವರಿಗೆ ಕೊಡ್ತಾರೆ. ಏಳಿ, ಏಳಿ, ಗೆದ್ರಿ ನೀವು!"

ಅತ್ತಿಗೆ ಏಳಲಿಲ್ಲ. ಅವರ ಮುಂದೆ ಹಡಗನ್ನು ಪಕ್ಕಕ್ಕೆ ವಾಲಿಸಿ ದಿಂಬುಗಳ ಮೇಲೆ ಮಲಗಿಸಿತ್ತು. ಹೊಟ್ಟೆಯ ಮೇಲೆ ಪೆನ್ಸಿಲಿನಿಂದ ಒಂದು ಉದ್ದನೆಯ ಚೌಕ ಎಳೆದಿತ್ತು. ಕೈಯಲ್ಲಿ ಡಾಕ್ಟರು ಕೊಟ್ಟಿದ್ದ ಹಲ್ಲು ಕೊರೆಯುವ ಮೋಟಾರು. ನಾನು ಪ್ಲಗ್ಗಿನ ಹತ್ತಿರ ನಿಂತಿದ್ದೆ.

ಕ್ಯಾಪ್ಟನ್ ಆ ಗೆರೆ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. "ವಾರ್ನಿಷ್ ಬಿದ್ದಿದೆ!" ಅಂದರು. "ಹುಚ್ಚಾ ನಿಮಗೆ? ಇಷ್ಟು ವರ್ಷದ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನೀವೇ ಕುಂಬಾರ, ನೀವೇ ದೊಣ್ಣೆ ಆಗ್ತಿದ್ದೀರಿ. ಕೈ ನೋಡ್ಕೊಳ್ಳಿ, ಹೇಗೆ ನಡುಗ್ತಿದೆ. ಮುಗಿಸೋಕಾಗಲ್ಲ ನಿಮಗೆ ಇದನ್ನ. ಅತ್ಲಾಗೆ ಪೆಟ್ಟಿಗೆಯೂ ಇಲ್ಲ, ಇತ್ಲಾಗೆ ಹಡಗೂ ಇಲ್ಲ!"

"ಆಗದೇ ಇರಬಹುದು" ಅಂದರು ಅತ್ತಿಗೆ.

"ಪೆಟ್ಟಿಗೆಯಲ್ಲಿ ಒಂದು ಸಲ ಇಡಿ. ಆಮೇಲೆ ಬೇಕಾದ್ರೆ..."

"ಗಾಜಿನ ಪೆಟ್ಟಿಗೆಗೆ ವಯಸ್ಸಾಗಲ್ಲ ಕ್ಯಾಪ್ಟನ್. ಆ ಅಜ್ಜಿಗೆ ಆಗಿದೆ. ಬಾಯ್ಲರ್ ಕೋಣೆ ತೋರ್ಸು ಅಂದಿದ್ದಾರೆ, ಅಲ್ಲಿ ಜನಾನೂ ನಿಲ್ಲಿಸ್ಬೇಕು." ನನ್ನ ಕಡೆ ಕತ್ತು ತಿರುಗಿಸಿದರು. "ಸ್ವಿಚ್ ಹಾಕು. ಹಾಕಿ ಇಲ್ಲಿ ಬಾ, ನನ್ನ ಕೈ ಹಿಡ್ಕೋ. ಗಟ್ಟಿಯಾಗಿ."

ನಾನು ಸ್ವಿಚ್ ಹಾಕಿ ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ಅದು ನನ್ನ ಅಂಗೈಯೊಳಗೂ ನಡುಗುತ್ತಿತ್ತು. ಮೋಟಾರು ಕಿರುಗುಟ್ಟಿತು, ಹಲಗೆಯ ಪುಡಿ ನಮ್ಮಿಬ್ಬರ ಮುಖಕ್ಕೆ ಹಾರಿತು. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಗೆರೆ ಎರಡು ಕಡೆ ತಪ್ಪಿತು, ಒಂದು ಕಡೆ ಬಣ್ಣ ಎದ್ದಿತು. ಅತ್ತಿಗೆ ನಿಲ್ಲಿಸಲಿಲ್ಲ. ನಾಲ್ಕನೆಯ ಬದಿ ಮುಗಿದಾಗ ಹಲಗೆಯ ತುಂಡು ತಾನಾಗಿ ಕಳಚಿ ಮೇಜಿನ ಮೇಲೆ ಬಿತ್ತು.

ಒಳಗೆ ಹಳೇ ಪೇಪರಿನ ಉಂಡೆಗಳಿದ್ದವು, ಟೊಳ್ಳು ಸದ್ದು ಬರಬಾರದೆಂದು ತುಂಬಿದ್ದು. ಅತ್ತಿಗೆ ಒಂದೊಂದೇ ಹೊರಗೆಳೆದು ನೆಲಕ್ಕೆ ಬಿಸಾಡಿದರು. ಮೊಣಕೈ ತನಕ ಕೈ ಇಳಿಸಿ ಆ ಕಡೆ, ಈ ಕಡೆ ತಡಕಾಡಿದರು. ಆಮೇಲೆ ಆ ಬಾಯಿಗೆ ಮುಖವಿಟ್ಟು ಒಳಗೆ ನೋಡಿದರು.

"ಅಯ್ಯೋ, ಎಷ್ಟೊಂದು ಜಾಗ ಇದೆಯೇ ಇಲ್ಲಿ!" ಅಂದರು.